ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮನೆಯಲ್ಲೇ ಬರವಣಿಗೆ: ಪಠ್ಯ ಕೊಳ್ಳುವ ಮೊದಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿ ಇದೆ. ಒಳಗೆ ಬಣ್ಣಬಣ್ಣದ ಇಂಗ್ಲಿಷ್ ವರ್ಕ್‌ಬುಕ್‌ಗಳು, ಅಕ್ಷರದ ಕಾರ್ಡುಗಳು, ಅಂಟಿಸುವ ನಕ್ಷತ್ರಗಳು. ಮಗನಿಗೆ ಡಿಸ್ಲೆಕ್ಸಿಯಾ (ಓದು-ಬರಹಕ್ಕೆ ತೊಡಕಾಗುವ ಒಂದು ಕಲಿಕಾ ನ್ಯೂನತೆ) ಇದೆ ಎಂದು ಗೊತ್ತಾದ ತಿಂಗಳಲ್ಲೇ ಗಾಬರಿಬಿದ್ದು ಆನ್‌ಲೈನ್‌ನಲ್ಲಿ ತರಿಸಿದ್ದು. ಹದಿನೇಳನೇ ಪುಟ ದಾಟಲಿಲ್ಲ. ನಕ್ಷತ್ರಗಳು ಮಾತ್ರ ಖಾಲಿಯಾದವು, ಅವೂ ಫ್ರಿಜ್ಜಿನ ಬಾಗಿಲಿಗೆ.

ಆ ಪುಸ್ತಕಗಳನ್ನು ಈಗ ತೆರೆದರೆ ಚೆನ್ನಾಗಿಯೇ ಕಾಣುತ್ತವೆ. ಆದರೆ ಅವನ್ನು ಬರೆದದ್ದು ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಗುವಿಗೆ. ನನ್ನ ಮಗ ಬಾಗಲಕೋಟೆಯ ನವನಗರದಲ್ಲಿ ಬೆಳೆಯುತ್ತಿರುವವನು. ಅವ್ವ, ಮುತ್ಯಾ (ಅಜ್ಜ), ಆಯಿ (ಅಜ್ಜಿ) ಅಂತ ಮಾತಾಡಿಕೊಂಡಿರುವವನು. ಅವನಿಗೆ ಎಲ್ಲಿ ತೊಡಕಾಗುತ್ತಿದೆ ಎಂದು ನೋಡದೆ ನಾನು ಔಷಧಿ ಅಂಗಡಿಗೆ ಓಡಿದ್ದೆ. ಮೂರು ವರ್ಷ ಎಡವಿ ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಮನೆಯಲ್ಲೇ ಕಲಿಸುವವರಿಗೂ ಆಗುತ್ತದೆ, ಶಾಲೆ ಬಿಟ್ಟ ಮೇಲೆ ಸಂಜೆ ಒಂದು ತಾಸು ಕೂರಿಸುವವರಿಗೂ ಆಗುತ್ತದೆ.

ಒಂದು: ದುಡ್ಡು ಬಿಚ್ಚುವ ಮೊದಲು ಒಂದು ಭಾನುವಾರ

ಕಣ್ಣು, ಕಿವಿ ತೋರಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದು. ಬೋರ್ಡು ಕಾಣದ ಮಗುವಿಗೆ ಡಿಸ್ಲೆಕ್ಸಿಯಾ ಎಂದು ಹೆಸರಿಟ್ಟು ವರ್ಷ ಕಳೆದವರಿದ್ದಾರೆ.

ಆಮೇಲೆ ಒಂದು ಭಾನುವಾರ ಬೆಳಗ್ಗೆ, ಹೊಟ್ಟೆ ತುಂಬಿದ ಮೇಲೆ, ಮಗುವಿನಿಂದ ನಾಲ್ಕು ಸಣ್ಣ ಕೆಲಸ ಮಾಡಿಸಿ. ಒಂದೊಂದಕ್ಕೆ ಹತ್ತು ನಿಮಿಷ ಸಾಕು. ನಡುನಡುವೆ ಆಡಲು ಬಿಡಿ.

ಮೊದಲನೆಯದು ಹೇಳುವುದು. "ನಿನ್ನೆ ಏನೇನಾತು ಹೇಳು" ಅಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎರಡನೆಯದು ನೋಡಿ ಬರೆಯುವುದು, ಪುಸ್ತಕದಿಂದ ನಾಲ್ಕು ಸಾಲು. ಮೂರನೆಯದು ಉಕ್ತಲೇಖನ. ನಾನು ಕೊಟ್ಟ ಹತ್ತು ಪದ ಇವು: ಮರ, ಗಾಳಿ, ಕುರಿ, ಹೂವು, ಅಂಗಡಿ, ಬೆಕ್ಕು, ರೊಟ್ಟಿ, ಅಜ್ಜ, ಚಂದ್ರ, ಪುಸ್ತಕ. ಸುಲಭದಿಂದ ಕಷ್ಟಕ್ಕೆ ಏರುತ್ತವೆ ನೋಡಿ. ದೀರ್ಘ, ಕೊಂಬು, ಸೊನ್ನೆ, ಅದೇ ಅಕ್ಷರದ ಒತ್ತು, ಬೇರೆ ಅಕ್ಷರದ ಒತ್ತು, ಎಲ್ಲ ಇವೆ. ನಾಲ್ಕನೆಯದು ತಾನೇ ಬರೆಯುವುದು. ಮೊದಲು ಹೇಳಿದ್ದನ್ನೇ ಈಗ ಬರೆಯಲಿ.

ರೆಕಾರ್ಡ್ ಮಾಡಿದ್ದನ್ನು ಕೇಳಿ, ಮೂರೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಬಾಯಲ್ಲಿ ಚೆನ್ನಾಗಿ ಹೇಳಿ, ನೋಡಿ ಚೆನ್ನಾಗಿ ಬರೆದು, ಉಕ್ತಲೇಖನದಲ್ಲಿ ಬಿದ್ದರೆ ಸದ್ದನ್ನು ಅಕ್ಷರಕ್ಕೆ ಜೋಡಿಸುವಲ್ಲಿ ತೊಡಕಿದೆ. ಡಿಸ್ಲೆಕ್ಸಿಯಾದಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ನೋಡಿ ಬರೆಯುವಾಗಲೂ ಕೈ ನೋವು ಅಂದರೆ, ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿದರೆ, ಅಕ್ಷರ ಗೆರೆಯ ಮೇಲೆ ಕೂರದಿದ್ದರೆ ಕೈಯ ತೊಂದರೆಯೂ ಇರಬಹುದು. ಅದನ್ನು ಡಿಸ್ಗ್ರಾಫಿಯಾ ಅನ್ನುತ್ತಾರೆ. ಆಗ ಬರವಣಿಗೆ ಪುಸ್ತಕಕ್ಕಿಂತ ಮೊದಲು ಕೈಯ ಚಲನೆ ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಬೇಕು. ಬಾಯಲ್ಲಿ ಹೇಳುವುದೂ ಎರಡು ಮಾತಿಗೆ ನಿಂತರೆ ಭಾಷೆಯ ಕಡೆ, ಅಂದರೆ ಸ್ಪೀಚ್ ಥೆರಪಿಸ್ಟ್ ಕಡೆ ನೋಡಬೇಕು.

ನನ್ನ ಮಗ ತೋಟಕ್ಕೆ ಹೋಗಿ ಬಂದ ಕತೆಯನ್ನು ನಾಲ್ಕು ನಿಮಿಷ ಹೇಳಿದ. ಎತ್ತು ಹಗ್ಗ ಹರಿದುಕೊಂಡು ಓಡಿದ್ದು, ಕಾಕಾ ಕೆಸರಿನಲ್ಲಿ ಬಿದ್ದದ್ದು, ಎಲ್ಲ ಬಂತು. ಹಾಳೆಯ ಮೇಲೆ ಬಂದದ್ದು ಒಂದೇ ಸಾಲು: "ನಾನು ಊರಿಗೆ ಹೋದೆ."

"ಎತ್ತಿನ ಸುದ್ದಿ ಯಾಕ ಬರೀಲಿಲ್ಲೋ ತಮ್ಮಾ?" ಅಂದೆ.

"ಅದಕ್ಕ ಒತ್ತು ಬರ್ತೈತಿ ಯವ್ವಾ."

ಎತ್ತು, ಹಗ್ಗ, ಬಿದ್ದ. ಮೂರಕ್ಕೂ ಒತ್ತು. ಒತ್ತಿಗೆ ಹೆದರಿ ಅವನು ಇಡೀ ಕತೆಯನ್ನೇ ಬಿಟ್ಟಿದ್ದ. ಶಾಲೆಯ ರಿಪೋರ್ಟಿನಲ್ಲಿ "ವಿಷಯ ನಿರೂಪಣೆ ಕಡಿಮೆ" ಎಂದು ಬರೆದಿದ್ದರ ಅರ್ಥ ಆಗ ಗೊತ್ತಾಯಿತು.

ಎರಡು: ಪರೀಕ್ಷೆ ಮಾಡಿಸುವಾಗ ಮನೆಯ ಮಾತು ಯಾವುದೆಂದು ಹೇಳಿ

ಮನೆಯ ಪರೀಕ್ಷೆ ಪಠ್ಯ ಆರಿಸಲು ಸಾಕು. ಕಾಗದಪತ್ರಕ್ಕೆ ಸಾಲದು. ಡಿಸ್ಲೆಕ್ಸಿಯಾ ಎಂದು ಹೇಳಬೇಕಾದವರು ತರಬೇತಾದ ಮನಃಶಾಸ್ತ್ರಜ್ಞರು. ಪ್ರಮಾಣಪತ್ರಕ್ಕೆ ನಿಮ್ಹಾನ್ಸ್‌ನ ಕಲಿಕಾ ನ್ಯೂನತೆ ಪರೀಕ್ಷೆಯನ್ನು ಬಳಸುವ ಪದ್ಧತಿ ಇದೆ. ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ತಂದ 'ಡಾಲಿ' ಎಂಬ ಪರೀಕ್ಷೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಇದೆ. ಅದು 1ರಿಂದ 5ನೇ ತರಗತಿ ಮಕ್ಕಳಿಗೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇರುವ ಬೆಳಗಾವಿ, ನಿಪ್ಪಾಣಿ ಕಡೆಯವರು ಎರಡೂ ಭಾಷೆಯಲ್ಲಿ ನೋಡಿ ಎಂದು ಕೇಳಬೇಕು. ಒಂದು ಭಾಷೆಯಲ್ಲಿ ಮಾತ್ರ ಹಿಂದಿದ್ದರೆ ಅದು ರೂಢಿ ಸಾಲದ್ದಕ್ಕೂ ಇರಬಹುದು ಅಲ್ವಾ? ನಮ್ಮ ಭಾಗದವರಿಗೆ ಜಿಲ್ಲಾಸ್ಪತ್ರೆ ಬಿಟ್ಟರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಒಂದು ಮಾತು ಮರೆಯಬೇಡಿ. ಪರೀಕ್ಷೆ ಮಾಡುವವರು ಬೇರೆ ಕಡೆಯವರಾದರೆ ನಮ್ಮ ಮಾತಿನ ರೀತಿಯನ್ನು ಮೊದಲೇ ತಿಳಿಸಿ. ನಮ್ಮ ಮಗು 'ಮನಿ', 'ಶಾಲಿ', 'ಹಲಗಿ' ಎಂದು ಬರೆದರೆ ಅದು ಕಿವಿಗೆ ಬಿದ್ದದ್ದನ್ನು ಸರಿಯಾಗಿ ಬರೆದಂತೆ. 'ಮನೆ'ಯನ್ನು 'ಮೆನ' ಎಂದು ಬರೆದರೆ ಅದು ಬೇರೆ ಸಂಗತಿ. ಎರಡನ್ನೂ ಒಂದೇ ಕೆಂಪು ಶಾಯಿಯಲ್ಲಿ ಹೊಡೆದ ಒಂದು ವರದಿ ನಮಗೂ ಸಿಕ್ಕಿತ್ತು. ಅದರಲ್ಲಿ ಅರ್ಧದಷ್ಟು 'ತಪ್ಪು' ಬಾಗಲಕೋಟೆಯವು.

ಮೂರು: ಮೊದಲು ಒಂದೇ ಭಾಷೆ

ಕನ್ನಡ, ಇಂಗ್ಲಿಷ್, ಹಿಂದಿ, ಕೆಲವರಿಗೆ ಮರಾಠಿ. ಲಿಪಿ ಮೂರು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮೂರರಲ್ಲೂ ಒಟ್ಟಿಗೆ ಬರವಣಿಗೆ ಹಚ್ಚಿದರೆ ಮೂರೂ ಅರ್ಧಮರ್ಧ ಆಗುತ್ತವೆ. ಮಗು ಕನಸು ಕಾಣುವ ಭಾಷೆಯಲ್ಲಿ ಬರೆಯಲು ಶುರು ಮಾಡಿಸಿ. ಉಳಿದವನ್ನು ಆಗ ಕೇಳಿಸಿ, ಮಾತಾಡಿಸಿ. ಬರೆಸುವುದು ಆಮೇಲೆ.

ಕನ್ನಡಕ್ಕೊಂದು ಅನುಕೂಲ ಇದೆ: ಹೆಚ್ಚುಕಡಿಮೆ ಅಂದಂತೆ ಬರೆಯುತ್ತೇವೆ. ಇಂಗ್ಲಿಷಿನ ಹಾಗೆ ಒಂದೇ ಸದ್ದಿಗೆ ಐದಾರು ಸ್ಪೆಲ್ಲಿಂಗ್ ಇಲ್ಲ. ಭಾರವೂ ಇದೆ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ, ಆದರೆ 34 ವ್ಯಂಜನಕ್ಕೆ ಕಾಗುಣಿತ ಹಚ್ಚಿದರೆ 400ಕ್ಕೂ ಜಾಸ್ತಿ ಆಕಾರ. ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಅಕ್ಷರ ಕಲಿಕೆಯ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಈ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ ಎಂದು ಕಂಡಿದೆ. ಹೀಗಾಗಿ ಎರಡನೇ ತರಗತಿ ಮಗು ಒತ್ತಕ್ಷರ ತಪ್ಪಿದರೆ ಗಾಬರಿ ಬೇಡ. ಡಿಸ್ಲೆಕ್ಸಿಯಾ ಇರುವ ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ ಎಂದು ಕ್ಯಾಲೆಂಡರ್ ನೋಡಿಕೊಂಡೇ ಕೂರಬೇಕು.

"ಅವರಪ್ಪನೂ ಹಿಂಗ ಇದ್ದ, ತಾನ ಬರ್ತೈತಿ ಬಿಡವಾ" ಎನ್ನುತ್ತಿದ್ದರು ನಮ್ಮ ಅತ್ತಿ. ಅರ್ಧ ನಿಜ. ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದು ಬರುತ್ತದೆ. ತಾನಾಗಿ ಬಿಟ್ಟು ಹೋಗುವುದಿಲ್ಲ. ನನ್ನ ಗಂಡ ಇವತ್ತಿಗೂ ಬ್ಯಾಂಕಿನ ಚಲನ್ ನನ್ನ ಕೈಯಲ್ಲೇ ಬರೆಸುತ್ತಾರೆ.

ನಾಲ್ಕು: ಒಂದು ಪಠ್ಯ ಸಾಲದು, ಎರಡು ಬೇಕು

ಬರವಣಿಗೆ ಎನ್ನುವುದರಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಸದ್ದಿಗೆ ಸರಿಯಾದ ಅಕ್ಷರ ಹುಡುಕಿ ಕೈಯಿಂದ ಇಳಿಸುವುದು ಒಂದು. ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದು ಇನ್ನೊಂದು. ನಮಗೆ ಮೊದಲನೆಯದು ಸೈಕಲ್ ತುಳಿದ ಹಾಗೆ ತಾನೇ ಆಗುತ್ತದೆ. ಈ ಮಕ್ಕಳಿಗೆ ಆಗುವುದಿಲ್ಲ. ಒತ್ತು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಎತ್ತು ಓಡಿ ಹೋಗಿರುತ್ತದೆ.

ಅಂಗಡಿಯಲ್ಲಿ ಸಿಗುವ ಬಹಳಷ್ಟು ಪುಸ್ತಕಗಳು ಎರಡನ್ನೂ ಒಟ್ಟಿಗೆ ಕೇಳುತ್ತವೆ. 'ನನ್ನ ಊರು' ಬಗ್ಗೆ ಹತ್ತು ಸಾಲು, ಅದೂ ದುಂಡಗೆ, ಕಾಗುಣಿತ ತಪ್ಪದೆ. ಬಿಟ್ಟುಬಿಡಿ. ಕಾಗುಣಿತಕ್ಕೆ ಒಂದು ದಾರಿ, ಕತೆ ಕಟ್ಟುವುದಕ್ಕೆ ಇನ್ನೊಂದು ದಾರಿ ಇಟ್ಟುಕೊಳ್ಳಿ. ಕಾಗುಣಿತ ಪೂರ್ತಿ ಬಂದ ಮೇಲೆ ಕತೆ ಎಂದು ಕಾಯಬೇಡಿ. ಹಾಗೆ ಕಾಯುತ್ತ ನಾವು ಒಂದು ವರ್ಷ ಕಳೆದೆವು. ಆ ವರ್ಷವಿಡೀ ಮಗನ ಪಾಲಿಗೆ 'ಬರೆಯುವುದು' ಅಂದರೆ 'ಮರ, ಸರ, ದರ' ಅಷ್ಟೇ ಆಗಿತ್ತು.

ಐದು: ಕಾಗುಣಿತದ ಪಠ್ಯವನ್ನು ತಿರುವಿ ನೋಡುವಾಗ

ಜಗತ್ತಿನಾದ್ಯಂತ ಡಿಸ್ಲೆಕ್ಸಿಯಾ ಪಠ್ಯಗಳ ಜಾಹೀರಾತಿನಲ್ಲಿ 'ಆರ್ಟನ್-ಗಿಲ್ಲಿಂಗ್‌ಹ್ಯಾಮ್' ಎಂಬ ಹೆಸರು ಕಾಣುತ್ತದೆ. ಸ್ಯಾಮ್ಯುಯೆಲ್ ಆರ್ಟನ್ ಅಮೆರಿಕದ ವೈದ್ಯ, ಆನಾ ಗಿಲ್ಲಿಂಗ್‌ಹ್ಯಾಮ್ ಶಿಕ್ಷಕಿ. 1930ರ ದಶಕದಲ್ಲಿ ಇವರು ರೂಪಿಸಿದ ಪದ್ಧತಿ ಅದು. ಒಂದು ಸಲಕ್ಕೆ ಒಂದೇ ಸದ್ದು, ಕಣ್ಣಿಂದ ನೋಡಿ, ಬಾಯಲ್ಲಿ ಅಂದು, ಕೈಯಿಂದ ತಿದ್ದಿ, ಹಳೆಯದನ್ನು ಮತ್ತೆ ಮತ್ತೆ ಮರಳಿ ನೋಡಿ ಮುಂದಕ್ಕೆ ಹೋಗುವುದು. ಅಮೆರಿಕದಲ್ಲಿ ಮನೆಶಾಲೆಯವರು ಬಳಸುವ ಬಾರ್ಟನ್ ಪದ್ಧತಿ ಇದೇ ಬಳ್ಳಿಯದು. ಅದರಲ್ಲಿ ಹತ್ತು ಹಂತಗಳಿವೆ. ಆದರೆ ಅವೆಲ್ಲ ಇಂಗ್ಲಿಷಿನ ಸ್ಪೆಲ್ಲಿಂಗ್ ಕಲಿಸುವಂಥವು. ಕನ್ನಡಕ್ಕೆ ನಾವು ಆ ರೀತಿಯನ್ನು ತೆಗೆದುಕೊಳ್ಳಬಹುದು. ಡಬ್ಬಿ ತರಿಸಬೇಕಿಲ್ಲ.

ಹಾಗಾದರೆ ಕನ್ನಡದ ಯಾವುದೇ ಪಠ್ಯವನ್ನು ಹೇಗೆ ಅಳೆಯುವುದು? ನಾನು ಮೊದಲು ಅಕ್ಷರದ ಕ್ರಮ ನೋಡುತ್ತೇನೆ. ಅ, ಆ, ಇ, ಈ ಎಂದು ಸಾಲಾಗಿ ಹೋಗುವ ಪುಸ್ತಕದಲ್ಲಿ ಮಗು ಒಂದು ನೆಟ್ಟನೆ ಪದ ಬರೆಯಲು ತಿಂಗಳುಗಟ್ಟಲೆ ಕಾಯಬೇಕು. ಇದಕ್ಕಿಂತ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕ್ರಮ ಎಷ್ಟೋ ವಾಸಿ. ಅದು ಶುರುವಾಗುವುದೇ 'ರ, ಗ, ಸ, ದ, ಅ' ಎಂದು. ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ, ದಸರ, ಗರಗಸ ಬರೆಯಬಹುದು. ಮುಂದಿನ ಗುಂಪು 'ಜ, ವ, ಮ, ಬ, ನ'. ಅಷ್ಟಕ್ಕೆ ಜನ, ಮರ, ಅವಸರ ಬರುತ್ತವೆ. ಬಸವ ಎಂದೂ ಬರೆಯಬಹುದು. ಕೂಡಲಸಂಗಮಕ್ಕೆ ಹೋದಾಗ ಬೋರ್ಡಿನಲ್ಲಿ ಆ ಮೂರಕ್ಷರ ಹುಡುಕಿ ನನ್ನ ಮಗ ಕುಣಿದಿದ್ದ.

ಆದರೂ ನಲಿ-ಕಲಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಆಕಾರದಲ್ಲಿ ಹೋಲುವ ಅಕ್ಷರಗಳು ಒಂದೇ ಗುಂಪಿನಲ್ಲಿ ಬರುತ್ತವೆ. ಕೈ ತಿರುಗಲು ಅದು ಒಳ್ಳೆಯದೇ. ಆದರೆ ವ ಮತ್ತು ಮ ಒಂದೇ ವಾರ ಬಂದರೆ ನಮ್ಮ ಮಕ್ಕಳಿಗೆ ಅವು ಜನ್ಮಕ್ಕಂಟಿದ ಹಾಗೆ ಅಂಟಿಕೊಳ್ಳುತ್ತವೆ. ವ ಗಟ್ಟಿಯಾದ ಮೇಲೆ ಮೂರು ವಾರ ಬಿಟ್ಟು ಮ ಕೊಡಿ. ಪ ಮತ್ತು ಷ, ರ ಮತ್ತು ಠ, ದ ಮತ್ತು ಥ ಕೂಡ ಹಾಗೇ. ಬ-ಭ, ದ-ಧ ಜೋಡಿಗಳನ್ನಂತೂ ಕೊನೆಗಿಡಿ. ನಮ್ಮ ಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸುವುದೇ ಇಲ್ಲ. ಕಿವಿಗೆ ಬೀಳದ್ದನ್ನು ಕೈ ಹೇಗೆ ಬರೆದೀತು? ಅದು ಬರೀ ನೆನಪಿನ ಕೆಲಸ.

ಎರಡನೆಯದಾಗಿ ಕಾಗುಣಿತ ಹೇಗೆ ಕಲಿಸುತ್ತಾರೆ ನೋಡಿ. ನಾವೆಲ್ಲ ಅಡ್ಡ ಸಾಲಿನಲ್ಲಿ ಕಲಿತವರು: ಕ, ಕಾ, ಕಿ, ಕೀ, ಕು, ಕೂ. ನನ್ನ ಮಗನಿಗೆ ಆ ಪದ್ಯ ಪೂರ್ತಿ ಬಾಯಿಪಾಠ. 'ಕುರಿ' ಬರೆ ಎಂದರೆ ಮಾತ್ರ ಕಣ್ಣು ಮುಚ್ಚಿ ಕ-ದಿಂದ ಶುರು ಮಾಡಿ ಬೆರಳೆಣಿಸುತ್ತ ಕು-ಗೆ ಬರುತ್ತಿದ್ದ. ಆಮೇಲೆ ರಿ-ಗೆ ಮತ್ತೆ ರ-ದಿಂದ. ಅಷ್ಟರಲ್ಲಿ ಕು ಮರೆತಿರುತ್ತಿತ್ತು. ಸಾಲನ್ನು ತಿರುಗಿಸಿ ಉದ್ದಕ್ಕೆ ಹಿಡಿದಾಗಲೇ ದಾರಿ ಸಿಕ್ಕಿದ್ದು. ಒಂದು ವಾರ ಬರೀ ದೀರ್ಘ. ಗೊತ್ತಿರುವ ಎಲ್ಲ ಅಕ್ಷರಕ್ಕೂ ಅದೊಂದನ್ನೇ ಹಚ್ಚುವುದು: ರಾ, ಗಾ, ಸಾ, ದಾ, ಮಾ. ದಾರ, ವಾರ, ಮಾವ, ರಾಜ ಬರೆಯುವುದು. ಆ ಸದ್ದು ಆ ಗುರುತು ಕೈಗೆ ಕೂತ ಮೇಲೆ ಗುಡಿಸು. ಅದಾದ ಮೇಲೆ ಕೊಂಬು. 'ವು' ಮತ್ತು 'ಮ' ಅಕ್ಕಪಕ್ಕ ಬರೆದು ನೋಡಿ, ಈ ಮಕ್ಕಳ ಕಷ್ಟ ನಿಮಗೇ ಗೊತ್ತಾಗುತ್ತದೆ.

ಮೂರನೆಯದು ಒಂದು ಚಿಕ್ಕ ಉಪಾಯ. ಪುಸ್ತಕದ ಇಪ್ಪತ್ತನೇ ಪುಟ ತೆಗೆಯಿರಿ. ಅಲ್ಲಿ ಮಗುವಿಗೆ ಬರೆಯಲು ಕೊಟ್ಟ ಪದಗಳಲ್ಲಿ, ಹಿಂದಿನ ಹತ್ತೊಂಬತ್ತು ಪುಟದಲ್ಲಿ ಕಲಿಸದೇ ಇದ್ದ ಅಕ್ಷರ ಇದೆಯಾ? ಇದ್ದರೆ ಆ ಪುಸ್ತಕ ಬೇಡ. ಊಹೆ ಮಾಡಿ ಬರೆ ಎಂದು ಮಗುವಿಗೆ ಕಲಿಸುವ ಪುಸ್ತಕ ಅದು. ನಾಲ್ಕನೇ ಪುಟದಲ್ಲಿ ಕಲಿಸಿದ್ದು ಇಪ್ಪತ್ತನೇ ಪುಟದಲ್ಲಿ ಮರಳಿ ಬರುತ್ತದಾ ಎಂಬುದನ್ನೂ ನೋಡಿ.

'3ನೇ ತರಗತಿಗೆ' ಎಂದು ರಟ್ಟಿನ ಮೇಲಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಮಗು ನಿಂತಿರುವ ಜಾಗದಿಂದ ಶುರು ಮಾಡಬೇಕು. ಹತ್ತು ವರ್ಷದ ಹುಡುಗನಿಗೆ ಒಂದನೇ ತರಗತಿ ಪುಸ್ತಕ ಕೊಟ್ಟರೆ ಅವಮಾನ ಆಗುತ್ತದೆ, ಅದೂ ನಿಜ. ನಾನು ರಟ್ಟಿಗೆ ಕ್ಯಾಲೆಂಡರ್ ಹಾಳೆ ಸುತ್ತಿದ್ದೆ. ಪುಟ ತುಂಬ ನಕಲು ಬರೆಸುವ ಪುಸ್ತಕಗಳನ್ನು ಮುಟ್ಟಲೇಬೇಡಿ. ಒಂದೇ ಪದ ಐವತ್ತು ಸಲ ಬರೆಸಿದಾಗ ನನ್ನ ಮಗ ಮೊದಲು ಎಲ್ಲ 'ಅ' ಬರೆದು, ಆಮೇಲೆ ಎಲ್ಲ 'ಗ' ಬರೆದು, ಆಮೇಲೆ ಎಲ್ಲ 'ಸ' ಬರೆದಿದ್ದ. ಬುದ್ಧಿವಂತ. ಪದ ಮಾತ್ರ ಒಂದು ಸಲವೂ ಬರೆದಿರಲಿಲ್ಲ.

ಸಾಮಾನು ಜಾಸ್ತಿ ಬೇಡ. ಒಂದು ಪರಾತದಲ್ಲಿ ಸಣ್ಣ ಉಸುಕು, ಒಂದು ಪಾಟಿ, ಬಳಪ. ಉಸುಕಿನಲ್ಲಿ ಬೆರಳಿಂದ ತಿದ್ದುತ್ತ ಜೋರಾಗಿ ಸದ್ದು ಹೇಳಬೇಕು. ಬಾಯಿ ಮುಚ್ಚಿ ತಿದ್ದಿದರೆ ಸುಮ್ನೆ ಚಿತ್ರ ಬಿಡಿಸಿದ ಹಾಗೆ.

ಆರು: ಕತೆ ಕಟ್ಟುವ ಪಾಠ, ಹೋಳಿಯ ಹಲಗಿಯಿಂದ

ಇದಕ್ಕೆ ಕನ್ನಡದಲ್ಲಿ ನನಗೆ ಹಿಡಿಸಿದ ಸಿದ್ಧ ಪಠ್ಯ ಸಿಗಲಿಲ್ಲ. ಅಮೆರಿಕದ ಮನೆಶಾಲೆಯವರಲ್ಲಿ ಹೆಸರಾದ 'ಐಇಡಬ್ಲ್ಯೂ' ಎಂಬ ಬರವಣಿಗೆ ಪಠ್ಯದಿಂದ ಒಂದೇ ಒಂದು ಉಪಾಯ ತೆಗೆದುಕೊಂಡೆ. ಒಂದು ವಾಕ್ಯದಿಂದ ಮೂರೇ ಮುಖ್ಯ ಪದ ಆರಿಸಿ ಇಟ್ಟುಕೊಳ್ಳುವುದು, ಆಮೇಲೆ ಆ ಮೂರು ಪದ ನೋಡಿ ವಾಕ್ಯವನ್ನು ತನ್ನ ಮಾತಿನಲ್ಲಿ ಮತ್ತೆ ಹೇಳುವುದು. ಉಳಿದದ್ದು ನಮ್ಮ ಮನೆಯ ಜೋಡಣೆ.

ನಮ್ಮೂರ ಹೋಳಿ ಗೊತ್ತಲ್ಲ, ದಿನಗಟ್ಟಲೆ ಹಲಗಿ ವಾದ್ಯದ ಸದ್ದು, ಬೀದಿ ತುಂಬ ಬಣ್ಣದ ಬಂಡಿ. ಆ ವಾರ ಮಗನಿಗೆ ಬೇರೆ ವಿಷಯವೇ ಇಲ್ಲ. ಅವನು ಹೇಳಿದ, ನಾನು ಒಂದಕ್ಷರ ತಿದ್ದದೆ ಬರೆದುಕೊಂಡೆ:

"ಮುತ್ಯಾ ಹಲಗಿ ಕಾಸಾಕ ಬೆಂಕಿ ಹಚ್ಚಿದ. ಹಲಗಿ ಕಾದ್ರ ಟಣ್ ಅಂತೈತಿ. ತಣ್ಣಗಿದ್ರ ಢಬ್ ಅಂತೈತಿ. ನನಗ ಟಣ್ ಅನ್ನೂದು ಸೇರ್ತೈತಿ."

ನಾಲ್ಕು ವಾಕ್ಯ. ಇದನ್ನು ಅವನಿಗೇ ಓದಿ ಹೇಳಿದೆ. ತಾನು ಹೇಳಿದ್ದು ಹಾಳೆಯ ಮೇಲಿದೆ ಎಂದು ಗೊತ್ತಾದಾಗ ಆ ಮುಖ ನೋಡಬೇಕಿತ್ತು. ಮೊದಲ ವಾಕ್ಯದಿಂದ ಮೂರು ಪದ ಅವನೇ ಆರಿಸಿದ: ಮುತ್ಯಾ, ಬೆಂಕಿ, ಹಲಗಿ. ಅವನ್ನು ಚೀಟಿಯಲ್ಲಿ ತಾನೇ ಬರೆದ. ಬರೆದದ್ದು ಹೀಗಿತ್ತು: ಮುತಾ, ಬೆಕಿ, ಹಲಗಿ.

ಇಲ್ಲಿ ಬಾಯಿ ಬಿಗಿ ಹಿಡಿಯಬೇಕು. ಆ ದಿನ ನಾನು ತಿದ್ದಲಿಲ್ಲ. ಚೀಟಿ ನೋಡಿ ಅವನು ವಾಕ್ಯ ಹೇಳಿದ, ಬರೆದ, ಮುಗಿಯಿತು. ರಾತ್ರಿ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಂಡೆ. ಒಂದು, ಯ-ಒತ್ತು ಬಿಟ್ಟಿದ್ದಾನೆ. ಎರಡು, ಸೊನ್ನೆ ಬಿಟ್ಟಿದ್ದಾನೆ. ಮುಂದಿನ ವಾರದ ಕಾಗುಣಿತ ಪಾಠ ಸೊನ್ನೆ: ಅಂಗಡಿ, ಬೆಂಕಿ, ಹಂದಿ, ಗಂಟಿ. ಯ-ಒತ್ತಿನ ಸರದಿ ಇನ್ನೂ ದೂರ ಇತ್ತು, ಅದನ್ನು ಅಲ್ಲೇ ಬಿಟ್ಟೆ. ಕತೆಯ ಹಾಳೆಯ ತಪ್ಪು ಕಾಗುಣಿತದ ಹಾಳೆಗೆ ಹೋಗಬೇಕು. ಕತೆಯ ಹಾಳೆಯ ಮೇಲೆ ಕೆಂಪು ಶಾಯಿ ಬೀಳಬಾರದು.

ಮನೆ ಮಾತಿನಲ್ಲಿ ಬರೆಯಲು ಬಿಟ್ಟರೆ ಶಾಲೆಯ ಕನ್ನಡ ಬರುತ್ತದಾ ಎಂದು ನಮ್ಮ ಅಕ್ಕಾರು (ಟೀಚರು) ಒಬ್ಬರು ಕೇಳಿದ್ದರು. ಬರುತ್ತದೆ, ಬೇರೆ ಪಾಠವಾಗಿ ಕಲಿಸಿದರೆ. ಐದಾರು ತಿಂಗಳಾದ ಮೇಲೆ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದೆವು. ಎಡಕ್ಕೆ 'ಮನಿ ಮಾತು', ಬಲಕ್ಕೆ 'ಪುಸ್ತಕದ ಮಾತು'. ಮನಿ ಎಂದರೆ ಮನೆ, ಶಾಲಿ ಎಂದರೆ ಶಾಲೆ, ಹಲಗಿ ಎಂದರೆ ಹಲಗೆ, ಅಂತೈತಿ ಎಂದರೆ ಅನ್ನುತ್ತದೆ. ಕೊನೆಯ ಗುಡಿಸು ತೆಗೆದು ಏತ್ವ ಕೊಡುವುದು ಅವನಿಗೆ ಆಟ ಆಯಿತು. ಎರಡೇ ದಿನದಲ್ಲಿ 'ಕುರೆ', 'ರೊಟ್ಟೆ', 'ನರೆ' ಎಂದೂ ಬರೆದ! ಮುತ್ಯಾ ಒಂದು ವಾರ ಮನೆಯಲ್ಲಿ "ರೊಟ್ಟೆ ಹಾಕವಾ" ಅನ್ನುತ್ತಿದ್ದರು. ಬದಲಾಗದ ಪದಗಳಿಗೆ ಇನ್ನೊಂದು ಪಟ್ಟಿ ಮಾಡಬೇಕಾಯಿತು. ಬೇಜಾರೇನಿಲ್ಲ, ನಿಯಮ ಹಿಡಿದದ್ದಕ್ಕೇ ಆ ತಪ್ಪು ಬಂದದ್ದು.

ಇಂಗ್ಲಿಷ್ ಅಥವಾ ಕನ್ನಡ, ಯಾವುದೇ ಕತೆ ಬರೆಸುವ ಪಠ್ಯ ಕೊಳ್ಳುವಾಗ ನಾನು ಕೇಳುವುದು ಇಷ್ಟೇ: ಮಗು ಹೇಳಿ, ದೊಡ್ಡವರು ಬರೆದುಕೊಳ್ಳಲು ಇದರಲ್ಲಿ ಅವಕಾಶ ಇದೆಯಾ? 'ಮಗುವೇ ಸ್ವಂತ ಕೈಯಿಂದ ಬರೆಯತಕ್ಕದ್ದು' ಎಂದಿದ್ದರೆ ಮುಂದಿನ ಪುಟ ನೋಡುವುದಿಲ್ಲ.

ಏಳು: ದಿನಕ್ಕೆ ಎಷ್ಟು ಹೊತ್ತು

ಕಾಗುಣಿತ ಇಪ್ಪತ್ತು ನಿಮಿಷ, ವಾರದಲ್ಲಿ ಐದು ದಿನ. ಕತೆ ಹದಿನೈದು ನಿಮಿಷ, ವಾರದಲ್ಲಿ ಮೂರು ದಿನ. ಇಷ್ಟೇ. ದಿನಕ್ಕೆ ಎರಡು ತಾಸು ಬೇಡುವ ಪಠ್ಯ ಎಷ್ಟೇ ಒಳ್ಳೆಯದಿರಲಿ, ಎರಡನೇ ವಾರಕ್ಕೆ ನೀವು ಬಿಡುತ್ತೀರಿ. ಪಾಠ ಕಲಿಸುವವರು ಯಾರು ಎಂಬುದನ್ನೂ ಲೆಕ್ಕ ಹಾಕಿ. ನಮ್ಮ ಮನೆಯಲ್ಲಿ ನಾನಿಲ್ಲದ ದಿನ ಆಯಿ ಕೂರಿಸುತ್ತಾರೆ. ಅವರು ಓದಿದ್ದು ನಾಲ್ಕನೇ ಇಯತ್ತೆ. ಇವತ್ತು ಏನು ಹೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಅವರು ನಡೆಸುವಂತಿರಬೇಕು. ನಡೆಸುತ್ತಾರೆ ಕೂಡ. ನನಗಿಂತ ಅವರಿಗೆ ತಾಳ್ಮೆ ಜಾಸ್ತಿ.

ಮೊಬೈಲಿನ ಜಿಬೋರ್ಡ್‌ನಲ್ಲಿ ಕನ್ನಡ ಮಾತಾಡಿ ಬರೆಸುವ ಸೌಲಭ್ಯ ಇದೆ. ಒಂಬತ್ತು ಹತ್ತು ವರ್ಷ ದಾಟಿದವರಿಗೆ ಒಳ್ಳೆಯದು. ಅದಕ್ಕೆ ಪುಸ್ತಕದ ಕನ್ನಡವೇ ಚೆನ್ನಾಗಿ ತಿಳಿಯುತ್ತದೆ. 'ಮಾಡಾಕತ್ತಾನ' ಎಂದರೆ ನಮ್ಮ ಫೋನು ಏನೇನೋ ಬರೆಯಿತು, ಇಬ್ಬರೂ ನಕ್ಕೆವು. ಬಣ್ಣದ ಕನ್ನಡಕ, ನೆನಪಿನ ಟಾನಿಕ್ ಎಂದು ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ.

ಎಂಟು: ಶಾಲೆ ಬಿಡಿಸುವ ಮುಂಚೆ ಕಾಗದ

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಹೇಳುವುದು ಶಾಲೆಯ ಲೆಕ್ಕದಲ್ಲೇ. ಪಾಲಕರು ತಾವೇ ಮನೆಯಲ್ಲಿ ಕಲಿಸುವುದಕ್ಕೆ ಅದರಲ್ಲಿ ಪ್ರತ್ಯೇಕ ನಿಯಮ ಇಲ್ಲ. 2012ರ ತಿದ್ದುಪಡಿಯಲ್ಲಿ ಬಂದ 'ಮನೆ ಆಧಾರಿತ ಶಿಕ್ಷಣ' ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ, ಬರೀ ಡಿಸ್ಲೆಕ್ಸಿಯಾಕ್ಕೆ ಅದು ಹೊಂದುವುದಿಲ್ಲ. ಆದ್ದರಿಂದ ನಮ್ಮಂಥವರು ಶಾಲೆಯಲ್ಲಿ ಹೆಸರು ಉಳಿಸಿಕೊಂಡು ಬರವಣಿಗೆಯನ್ನು ಮಾತ್ರ ಮನೆಗೆ ತಂದುಕೊಳ್ಳುತ್ತೇವೆ. ಮುಖ್ಯೋಪಾಧ್ಯಾಯರ ಜೊತೆ ಕೂತು, ಉತ್ತರಗಳನ್ನು ಬಾಯಲ್ಲಿ ಹೇಳಲು ಬಿಡಿ, ಹೋಮ್‌ವರ್ಕ್ ಅರ್ಧ ಕೊಡಿ ಎಂದು ಕೇಳಿ. ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನೂ ಕಾಣಿ. ಪೂರ್ತಿ ಮನೆಯಲ್ಲೇ ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಅದರಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ. 10ನೇ ತರಗತಿ ಮಟ್ಟದ ಪರೀಕ್ಷೆಗೆ ಕನಿಷ್ಠ 14 ವರ್ಷ ಆಗಿರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಹೆಚ್ಚಿನ ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಆ ಕಾಯ್ದೆಯಲ್ಲೇ ಹೆಸರಿಸಿದ ಸೌಲಭ್ಯಗಳು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಓಡಾಡಿದರೆ ತಡವಾಗುತ್ತದೆ. ಮಗು ಮೂರನೇ ತರಗತಿಯಲ್ಲಿದ್ದಾಗ, ಎಂಟು ವರ್ಷದ ಸುಮಾರಿಗೆ, ಜಿಲ್ಲಾಸ್ಪತ್ರೆಯಲ್ಲಿ ಶುರು ಮಾಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಮಗುವಿನ ನೋಟ್‌ಬುಕ್ಕುಗಳನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ, ಚೆನ್ನಾಗಿ ಬರೆದ ಪುಟ, ಕೆಟ್ಟದಾಗಿ ಬರೆದ ಪುಟ ಎರಡೂ.

ಒಂಬತ್ತು: ಆರು ವಾರಕ್ಕೊಮ್ಮೆ ಅದೇ ಹತ್ತು ಪದ

ಪಠ್ಯ ಆರಿಸಿದ ಮೇಲೆ ಆರು ವಾರ ಅಲುಗಾಡದೆ ನಡೆಸಿ. ಎರಡು ವಾರಕ್ಕೇ ಬದಲಿಸುವವರು ಪಠ್ಯಗಳ ಅಂಗಡಿ ಇಡಬಹುದು, ಅಷ್ಟೇ. ಆರು ವಾರ ಆದ ಭಾನುವಾರ ಅದೇ ಹತ್ತು ಪದದ ಉಕ್ತಲೇಖನ ಕೊಡಿ, ಅದೇ ಹತ್ತು ನಿಮಿಷ ತಾನೇ ಬರೆಯಲು ಬಿಡಿ. ಹತ್ತರಲ್ಲಿ ಎಷ್ಟು ಸರಿ ಎಂಬುದಕ್ಕಿಂತ, ತಪ್ಪು ಎಂಥದು ಎಂದು ನೋಡಿ. ನನ್ನ ಮಗ ಮೊದಲ ಸಲ 'ಪುಸ್ತಕ'ವನ್ನು 'ಪಸಕ' ಎಂದು ಬರೆದಿದ್ದ. ಎರಡನೇ ಸಲ 'ಪುಸಕ'. ಮೂರನೇ ಸಲ 'ಪುಸತಕ'. ಮೂರೂ ತಪ್ಪೇ, ಮೂರಕ್ಕೂ ಸೊನ್ನೆ ಅಂಕ. ಆದರೆ ಮೂರನೆಯದರಲ್ಲಿ ಅವನು ಎಲ್ಲ ಸದ್ದನ್ನೂ ಕೇಳಿಸಿಕೊಂಡಿದ್ದ, ಒತ್ತು ಮಾತ್ರ ಬಾಕಿ ಇತ್ತು. ಪಠ್ಯ ಕೆಲಸ ಮಾಡುತ್ತಿದೆ ಎಂದು ಅಲ್ಲಿ ಗೊತ್ತಾಯಿತು.

ಎರಡು ಸಲ, ಅಂದರೆ ಹನ್ನೆರಡು ವಾರ ಆದ ಮೇಲೂ ತಪ್ಪಿನ ಜಾತಿಯೇ ಬದಲಾಗದಿದ್ದರೆ ಆ ಪಠ್ಯ ಬಿಡಿ. ಮಗು ನೋಟ್‌ಬುಕ್ ಕಂಡರೆ ಹೊಟ್ಟೆನೋವು ಎನ್ನತೊಡಗಿದರೆ ಹನ್ನೆರಡು ವಾರವೂ ಕಾಯಬೇಡಿ. ಪ್ರತಿ ಹಾಳೆಗೆ ತಾರೀಕು ಹಾಕಿ ಒಂದೇ ಫೈಲಿನಲ್ಲಿಡಿ, ಆಸ್ಪತ್ರೆಗೂ ಅದೇ ಫೈಲು ಬೇಕಾಗುತ್ತದೆ. ನಮ್ಮದರಲ್ಲಿ ಈಗ ಹನ್ನೊಂದು ಉಕ್ತಲೇಖನಗಳಿವೆ. ಕೊನೆಯದರ ಹಿಂಭಾಗದಲ್ಲಿ, ನಾನು ಹೇಳದೆಯೇ, ಎತ್ತಿನ ಕತೆ ಇದೆ. 'ಎತ್ತು' ಸರಿ ಇದೆ. 'ಹಗ್ಗ' ಇನ್ನೂ 'ಹಗ'.